ತೋಟದ ಮನೆ ಗುಂಪಿನಲ್ಲಿ ನೀಲಿ ಜಾಕೆಟ್ ಚರ್ಚೆ

ಅಣ್ಣ: ಎಲ್ಲರೂ ಕೇಳಿ. ಮನೆಯ ನೀಲಿ ಮಳೆ ಜಾಕೆಟ್ ಕೆಟ್ಟಿದೆ. ನಿನ್ನೆ ತೋಟಕ್ಕೆ ಹಾಕಿಕೊಂಡು ಹೋಗಿದ್ದೆ. ಅರ್ಧ ಗಂಟೆಗೆ ಹೆಗಲೆಲ್ಲ ಒದ್ದೆ. ತಲಾ 1,500 ಹಾಕಿ, ಹೊಸದು ತರಿಸೋಣ.

ಭಾವ: ನನ್ನ ಪಾಲು ಇವತ್ತೇ ಕಳಿಸುತ್ತೇನೆ.

ನಾನು: ಭಾವ, ಸ್ವಲ್ಪ ತಡೆಯಿರಿ. ಅಣ್ಣ, ಹೊರಗಿನ ಬಟ್ಟೆ ನೆನೆಯಿತಾ, ಇಲ್ಲಾ ನೀರು ಒಳಗೇ ಇಳಿಯಿತಾ?

ಅಣ್ಣ: ಒಳಗಿನ ಅಂಗಿಯೂ ಒದ್ದೆ ಮಾರಾಯ. ಇನ್ನೇನು ಬೇಕು?

ನಾನು: ಅದು ಬೆವರೂ ಇರಬಹುದು. ಆ ಜಾಕೆಟ್‌ನಲ್ಲಿ ಮಳೆ ತಡೆಯುವುದು ಒಳಗಿನ ತೆಳು ಪದರ. ಹೊರಗಿನ ಬಟ್ಟೆಗೆ ಇರುವುದು ನೀರು ಜಾರಿಸುವ ಲೇಪ ಅಷ್ಟೇ. ಕೆಸುವಿನ ಎಲೆ ಮೇಲೆ ಹನಿ ಉರುಳುತ್ತದಲ್ಲ, ಹಾಗೆ. ಆ ಲೇಪ ಸವೆದರೆ ಹೊರಬಟ್ಟೆ ನೀರು ಕುಡಿದು ಮೈಗೆ ಅಂಟುತ್ತದೆ. ಬೆವರಿನ ಹಬೆಗೆ ಹೋಗಲು ದಾರಿ ಇರುವುದಿಲ್ಲ, ಒಳಗೇ ನೀರಾಗುತ್ತದೆ. ಹಾಕಿಕೊಂಡವರಿಗೆ ಸೋರಿದ ಹಾಗೇ ಅನಿಸುತ್ತದೆ. ಅತ್ತಿಗೆ, ಸ್ವಲ್ಪ ನೀರು ಹಾಕಿ ನೋಡುತ್ತೀರಾ?

ಅತ್ತಿಗೆ: ನೋಡಿದೆ. ಹೆಗಲು ಕೂಡಲೇ ಕುಡಿಯಿತು. ಎದೆಯ ಮೇಲೆ ಹಾಕಿದ್ದು ಉರುಳಿ ಹೋಯಿತು. ಒಳಗೆ ಮುಟ್ಟಿದರೆ ಒಣಗಿಯೇ ಇದೆ.

ನಾನು: ನೋಡಿದಿರಾ! ಚೀಲದ ಪಟ್ಟಿ ಉಜ್ಜಿ ಹೆಗಲಿನ ಲೇಪ ಹೋಗಿದೆ. ಜಾಕೆಟ್ ಚೆನ್ನಾಗಿಯೇ ಇದೆ.

ಅಮ್ಮ: ನನ್ನಿಂದಲೇ ಆಯಿತೋ ಏನೋ. ತೋಟಕ್ಕೆ ಹೊಡೆಯುವ ಬೋರ್ಡೋ ಔಷಧಿಯ ಕಲೆ ಹೋಗಲಿ ಅಂತ ಮೆಷಿನ್‌ಗೆ ಹಾಕಿದ್ದೆ. ಸೋಪಿನ ಪುಡಿ, ಮೇಲೆ ಪರಿಮಳದ ಕಂಡಿಷನರ್.

ನಾನು: ತೊಳೆದದ್ದು ಒಳ್ಳೆಯದೇ ಅಮ್ಮ. ಕೊಳೆ, ಬೆವರು, ಎಣ್ಣೆ ಕೂತರೂ ನೀರು ಜಾರುವುದಿಲ್ಲ. ಕಂಡಿಷನರ್ ಮಾತ್ರ ಬೇಡ. ಅದು ಬಟ್ಟೆಯಲ್ಲೇ ಉಳಿದು ನೀರು ಎಳೆಯುತ್ತದೆ. ಎರಡು ಮೂರು ಸಲ ಬರೀ ನೀರಿನಲ್ಲಿ ಜಾಲಿಸಿ ಒಣಗಿಸಿ. ಒಳಗಿನ ಚೀಟಿಯಲ್ಲಿ ಇಸ್ತ್ರಿ ಮಾಡಬಹುದು ಅಂತ ಇದ್ದರೆ, ಮೇಲೊಂದು ತೆಳು ಬಟ್ಟೆ ಹಾಕಿ ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿ. ಹಬೆ ಬೇಡ. ಬಿಸಿ ತಾಗಿದರೆ ಉಳಿದ ಲೇಪ ಮತ್ತೆ ಕೆಲಸ ಮಾಡುತ್ತದೆ. ಬಚ್ಚಲೊಲೆ ಮೇಲೆ ಮಾತ್ರ ಹಾಕಬೇಡಿ, ಹೊಲಿಗೆಯ ಒಳಪಟ್ಟಿ ಬಿಟ್ಟುಹೋಗುತ್ತದೆ.

ಅಣ್ಣ: ಸೋಮವಾರ ಬೋರ್ಡೋ ಹೊಡೆಯಬೇಕು. ಮಳೆ ಹೊಳವಾಗುವುದೇ ಎರಡು ದಿನ. ತಪ್ಪಿದರೆ ಅಡಿಕೆಗೆ ಕೊಳೆ ರೋಗ. ಇಸ್ತ್ರಿ ಮಾಡುತ್ತಾ ಕೂರಲಾ? ಮತ್ತೆ ಹಚ್ಚುವ ಲೇಪದ ಬಾಟಲಿಗೇ ಸಾವಿರದ ಮೇಲಿದೆ.

ನಾನು: ಒಂದು ಜಾಕೆಟ್‌ಗೆ ಇಡೀ ಬಾಟಲಿ ಬೇಡ ಅಣ್ಣ. ಇಷ್ಟಕ್ಕೂ ಹೊಸದರ ಲೇಪ ಸವೆಯುವುದಿಲ್ಲವಾ? ಎರಡು ಮಳೆಗಾಲ ಕಳೆದ ಮೇಲೆ ಮತ್ತೆ ಇದೇ ಮಾತು. ಅಕ್ಕ ಮೊದಲ ಸಂಬಳದಲ್ಲಿ ತಂದ ಜಾಕೆಟ್ ಅದು. ನಾವೆಲ್ಲ ಒಬ್ಬರಾದ ಮೇಲೆ ಒಬ್ಬರು ಅದನ್ನೇ ಹಾಕಿಕೊಂಡು ಆಗುಂಬೆ ಮಳೆಯಲ್ಲಿ ತಿರುಗಿದ್ದೇವೆ. ಹೆಗಲು ನೆನೆಯಿತು ಅಂತ ಎಸೆಯಲು ನನಗೆ ಮನಸ್ಸಿಲ್ಲ.

ಅಕ್ಕ: ನಾನು ತಂದದ್ದು ಅಂತ ಉಳಿಸಬೇಡಿ. ಕೆಲಸಕ್ಕೆ ಬರುವುದಾದರೆ ಉಳಿಸಿ.

ಅತ್ತಿಗೆ: ಅಟ್ಟದಲ್ಲಿ ಆ ಹಸಿರು ಕೋಟೂ ಸಿಕ್ಕಿತು. ಒಳಗೆಲ್ಲ ಅಂಟಂಟು, ಹೊಟ್ಟಿನ ಹಾಗೆ ಉದುರುತ್ತಿದೆ.

ನಾನು: ಅದನ್ನು ಬಿಡಿ ಅತ್ತಿಗೆ. ಅದರ ಒಳಗಿರುವುದು ನೀರು ತಡೆಯುವ ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್ ಲೇಪ. ಒದ್ದೆ ಮುದುರಿ ಇಟ್ಟರೆ ತೇವಕ್ಕೆ ಅದೇ ಒಡೆದು ಪುಡಿಯಾಗುತ್ತದೆ. ಹೊರಗೆ ಏನು ಹಚ್ಚಿದರೂ ಪ್ರಯೋಜನ ಇಲ್ಲ. ಅದರ ಬದಲಿಗೆ ಹೊಸದು ಬೇಕು ಅಂದರೆ ನಾನೂ ದುಡ್ಡು ಹಾಕುತ್ತೇನೆ.

ಅಪ್ಪಯ್ಯ: ಬೋರ್ಡೋ ಹೊಡೆಯಲು ಅಷ್ಟು ದುಬಾರಿ ಜಾಕೆಟ್ ಯಾಕೆ? ಮೈಲುತುತ್ತು, ಸುಣ್ಣ ಎಲ್ಲ ಮೈಮೇಲೇ ಬೀಳುತ್ತದೆ. ಪೇಟೆಯಲ್ಲಿ ದಪ್ಪ ಪ್ಲಾಸ್ಟಿಕ್ ಕೋಟು ಸಿಗುತ್ತದೆ, ಎರಡು ತನ್ನಿ. ಕೊಡ ನೀರು ಸುರಿದು ತೂಗುಹಾಕಿದರೆ ಆಯಿತು.

ಅಣ್ಣ: ಅದು ಸರಿ. ಸೆಖೆ ಆಗುತ್ತದೆ, ಆದರೂ ಅರ್ಧ ದಿನದ ಕೆಲಸ. ನಾಳೆ ತರುತ್ತೇನೆ. ನೀಲಿಯದು ನಿನ್ನ ಜವಾಬ್ದಾರಿ. ಸರಿಯಾಗದಿದ್ದರೆ ಹೊಸದರಲ್ಲಿ ನಿನ್ನ ಪಾಲು ಎರಡು.

ನಾನು: ಒಪ್ಪಿದೆ.

(ಭಾನುವಾರ ಸಂಜೆ)

ಅತ್ತಿಗೆ: ಇಸ್ತ್ರಿ ಆಯಿತು. ತೋಳಿನ ಮೇಲೆ ಈಗ ಹನಿ ಮಣಿಯ ಹಾಗೆ ನಿಲ್ಲುತ್ತಿದೆ. ಹೆಗಲು ಮಾತ್ರ ಇನ್ನೂ ಕುಡಿಯುತ್ತಿದೆ.

ನಾನು: ಅಲ್ಲಿ ಹಳೆ ಲೇಪ ಪೂರ್ತಿ ಹೋಗಿದೆ ಅತ್ತಿಗೆ, ಹೊಸದು ಹಚ್ಚಲೇಬೇಕು. ಬಾಟಲಿ ತರಿಸಿದ್ದೇನೆ, ಶನಿವಾರ ಬರುವಾಗ ತರುತ್ತೇನೆ. ಅಲ್ಲಿಯವರೆಗೆ ಮಡಚಿ ಇಡಬೇಡಿ, ಜಗಲಿಯಲ್ಲಿ ತೂಗುಹಾಕಿ.