ಅಚ್ಚಾಗುವ ಕ್ಯೂಆರ್ ಕೋಡಿಗೆ ಯಾವ ಲಿಂಕ್ ಹಾಕಿದರೆ ಬಾಳಿಕೆ ಬರುತ್ತೆ?

ಅಚ್ಚುಮೊಳೆ: ಸಂಘದ ಸ್ಮರಣ ಸಂಚಿಕೆ ಪ್ರೆಸ್ಸಿಗೆ ಹೋಗಬೇಕು. ನಾಲ್ಕು ಕ್ಯೂಆರ್ ಕೋಡ್ ಇವೆ: ಫೇಸ್‌ಬುಕ್ ಲೈವ್ ವಿಡಿಯೊ, ಇನ್‌ಸ್ಟಾಗ್ರಾಂನ ಒಂದು ಫೋಟೊ, ವಾಟ್ಸಾಪ್ ಗುಂಪಿನ ಆಹ್ವಾನ, ಹಳೆಯದೊಂದು ಗೂಗಲ್ ಶಾರ್ಟ್ ಲಿಂಕ್ (ಉದ್ದ ವಿಳಾಸವನ್ನು ಚಿಕ್ಕದಾಗಿಸಿದ goo.gl ಕೊಂಡಿ). ಐದು ವರ್ಷ ಬಿಟ್ಟು ಸ್ಕ್ಯಾನ್ ಮಾಡಿದರೂ ತೆರೆಯಬೇಕು. ಯಾವುದಕ್ಕೆ ಎಷ್ಟು ಆಯಸ್ಸು?

ಸರ್ವರ್‌ಸುಬ್ಬ: ಮೊದಲು ಲೈವ್ ವಿಡಿಯೊ ನೋಡಿ, ಅದಕ್ಕೇ ಆತುರ. 2025ರ ಫೆಬ್ರುವರಿ 19ರಿಂದ ಫೇಸ್‌ಬುಕ್ ಹೊಸ ಲೈವ್‌ಗಳನ್ನು 30 ದಿನ ಮಾತ್ರ ಇಡುತ್ತೆ, ಆಮೇಲೆ ಅಳಿಸುತ್ತೆ. ಅಷ್ಟರೊಳಗೆ ಡೌನ್‌ಲೋಡ್ ಮಾಡಿ ಸಾಮಾನ್ಯ ವಿಡಿಯೊ ಆಗಿ ಮತ್ತೆ ಏರಿಸಿ. ಹಾಗೆ ಏರಿಸಿದ್ದಕ್ಕೆ ಹೊಸ ಲಿಂಕ್ ಬರುತ್ತೆ, ಆದ್ದರಿಂದ ಕ್ಯೂಆರ್ ಮಾಡುವುದು ಆಮೇಲೆ. ಪೋಸ್ಟ್ 'ಪಬ್ಲಿಕ್' ಇರಲಿ. 'ಫ್ರೆಂಡ್ಸ್' ಎಂದಿದ್ದರೆ ನಿಮಗೆ ಮಾತ್ರ ಚೆನ್ನಾಗಿ ತೆರೆಯುತ್ತೆ, ಓದುಗರಿಗೆ ಇಲ್ಲ. ಲಾಗಿನ್ ಇಲ್ಲದ ಬ್ರೌಸರ್‌ನಲ್ಲಿ ಒಮ್ಮೆ ಪರೀಕ್ಷಿಸಿಬಿಡಿ.

ಯೂಟ್ಯೂಬ್‌ಗೆ ಹಾಕುವುದಾದರೂ 'ಅನ್‌ಲಿಸ್ಟೆಡ್' (ಲಿಂಕ್ ಇದ್ದವರಿಗೆ ಮಾತ್ರ ತೆರೆಯುವಂಥದ್ದು) ಬೇಡ. 2017ಕ್ಕೂ ಮುಂಚಿನ ಅಂಥ ವಿಡಿಯೊಗಳನ್ನು ಯೂಟ್ಯೂಬ್ 2021ರ ಜುಲೈನಲ್ಲಿ ಪ್ರೈವೇಟ್ ಮಾಡಿತು. ಹಾಗೆ ಮಾಡಬೇಡಿ ಎಂದು ಮಾಲೀಕರು ತಿಳಿಸಿದ್ದವು ಮಾತ್ರ ಉಳಿದವು. ಮಿಕ್ಕವುಗಳ ಹಳೆಯ ಲಿಂಕ್ ಹಿಡಿದವರಿಗೆ ಬಾಗಿಲು ಮುಚ್ಚಿತು.

ಕೊಂಡಿಕಳಚಿ: ಫೋಟೊ ವಿಷಯದಲ್ಲಿ ಬಹಳ ಜನ ಎಡವುವುದು ಇಲ್ಲಿ: ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ 'ಇಮೇಜ್ ಅಡ್ರೆಸ್' ನಕಲು ಮಾಡುತ್ತಾರೆ. ಅದು ಚಿತ್ರದ ಕಡತ ಕೂತಿರುವ ಸರ್ವರಿನ ತಾತ್ಕಾಲಿಕ ವಿಳಾಸ. ಅದರ ಬಾಲದಲ್ಲಿ 'ಓಇ' (oe) ಎಂಬ ಭಾಗವಿರುತ್ತೆ. ಅದು ಹೆಕ್ಸಾಡೆಸಿಮಲ್‌ನಲ್ಲಿ (ಹದಿನಾರರ ಎಣಿಕೆಯಲ್ಲಿ) ಬರೆದ ವಾಯಿದೆ. ನಮ್ಮ ಮಾಮೂಲಿ ಹತ್ತರ ಎಣಿಕೆಗೆ ತಂದರೆ 1970ರಿಂದ ಎಣಿಸಿದ ಸೆಕೆಂಡುಗಳು. ಅವಧಿ ಮೀರಿದರೆ ಚಿತ್ರದ ಬದಲು ಸಹಿ (ವಿಳಾಸ ಅಸಲಿ ಎಂದು ಸರ್ವರ್ ಹಾಕಿದ ಗುರುತು) ಮುಗಿದಿದೆ ಎಂಬ ಒಂದು ಸಾಲು ಬರುತ್ತೆ. ಸಂಖ್ಯೆ ತಿದ್ದಿ ಮುಂದೂಡಲು ಆಗದು, ಪಕ್ಕದಲ್ಲೇ ಇರುವ ಸಹಿ ತಾಳೆಯಾಗುವುದಿಲ್ಲ. ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್ ಕೂಡ ಇದನ್ನೇ ತಂದಿದೆ, ಅಲ್ಲಿ ಹೊರಗೆ ಹಂಚಿದ ಕಡತದ ಲಿಂಕಿಗೆ 24 ಗಂಟೆ.

ಪೋಸ್ಟಿನ ಲಿಂಕನ್ನೇ ಬಳಸಿ, ಪೋಸ್ಟ್ ಇರುವಷ್ಟು ಕಾಲ ಇರುತ್ತೆ. ಸ್ಟೋರಿಯಾದರೆ 24 ಗಂಟೆ, ಪ್ರೊಫೈಲ್‌ನಲ್ಲಿ ಉಳಿಯುವ ಹೈಲೈಟ್‌ಗೆ ಸೇರಿಸಿದರೆ ಮಾತ್ರ ಮುಂದಕ್ಕೂ ಉಳಿಯುತ್ತೆ.

ಗುಂಪುಗೌಡ: ವಾಟ್ಸಾಪ್ ಆಹ್ವಾನಕ್ಕೆ ತಾನಾಗಿ ಮುಗಿಯುವ ಅವಧಿ ಇಲ್ಲ. ಆದರೆ ಯಾವ ಅಡ್ಮಿನ್ 'ರಿಸೆಟ್ ಲಿಂಕ್' ಒತ್ತಿದರೂ ಅಚ್ಚಾದದ್ದು ಆ ಕ್ಷಣಕ್ಕೆ ಸತ್ತಂತೆ. ಗುಂಪಿನ ಮಿತಿ 1,024 ಜನ. ಮುದ್ರಿಸಲೇಬೇಕಿದ್ದರೆ ಹೊಸ ಸದಸ್ಯರಿಗೆ ಅಡ್ಮಿನ್ ಒಪ್ಪಿಗೆ ಬೇಕೆಂಬ ಸೆಟ್ಟಿಂಗ್ ಹಾಕಿ, ಇಲ್ಲದಿದ್ದರೆ ಸಾಲದ ಜಾಹೀರಾತಿನವರೇ ಮೊದಲು ಬರುವುದು.

ಸರ್ವರ್‌ಸುಬ್ಬ: ಗೂಗಲ್ ಶಾರ್ಟ್ ಲಿಂಕ್ ನಂಬಬೇಡಿ. ಹೊಸದು ಮಾಡುವುದನ್ನು 2019ರಲ್ಲೇ ನಿಲ್ಲಿಸಿದರು, ಬಳಕೆಯಿಲ್ಲದವನ್ನು 2025ರ ಆಗಸ್ಟ್ 25ರಂದು ಕಿತ್ತುಹಾಕಿದರು. 'ಡೈನಾಮಿಕ್ ಕ್ಯೂಆರ್' (ಮಾರುವವರ ಸರ್ವರ್ ಮೂಲಕ ಗುರಿಗೆ ಕಳಿಸುವ ಕೋಡ್) ಮಾರುವವರದ್ದೂ ಅದೇ ಕಥೆ, ಚಂದಾ ನಿಂತರೆ ಕೋಡ್ ನಿಲ್ಲಬಹುದು.

ಸಂಘದ್ದೇ ಒಂದು ಡೊಮೈನ್ (ಜಾಲತಾಣದ ಹೆಸರು) ಕೊಂಡು, ನಾಲ್ಕೂ ಕೋಡಿಗೆ ಅದರ ನಾಲ್ಕು ಸಣ್ಣ ವಿಳಾಸ ಕೊಡಿ. ಅಲ್ಲಿಂದ ನಿಜವಾದ ಲಿಂಕಿಗೆ 302 ರೀಡೈರೆಕ್ಟ್ (ಸದ್ಯಕ್ಕೆ ಬೇರೆ ವಿಳಾಸಕ್ಕೆ ಹೋಗು ಎಂಬ ಸೂಚನೆ). 301 (ಶಾಶ್ವತವಾಗಿ ಅಲ್ಲಿಗೇ ಹೋಗು ಎಂಬ ಸೂಚನೆ) ಬೇಡ, ಬ್ರೌಸರ್ ಅದನ್ನು ನೆನಪಿಟ್ಟುಕೊಂಡು ನೀವು ಗುರಿ ಬದಲಿಸಿದರೂ ಹಳೆಯ ಕಡೆಗೇ ಕರೆದೊಯ್ಯುತ್ತೆ. ಡೊಮೈನನ್ನು ಒಟ್ಟಿಗೆ 10 ವರ್ಷದವರೆಗೂ ನೋಂದಾಯಿಸಬಹುದು.

ಅಚ್ಚುಮೊಳೆ: ಡೊಮೈನ್ ಯಾರ ಹೆಸರಲ್ಲಿ?

ಗುಂಪುಗೌಡ: ಸಂಘದ ಹೆಸರಲ್ಲಿ, ಸಂಘದ ಇಮೇಲಿನಲ್ಲಿ. ಈ ಸಲದ ಕಾರ್ಯದರ್ಶಿಯ ಸ್ವಂತ ಇಮೇಲ್ ಕೊಟ್ಟರೆ ನವೀಕರಣದ ನೋಟಿಸು ಅವರಿಗೇ ಹೋಗುತ್ತೆ.