ಇಟಲಿಯವರ ಸರ್‌ನೇಮ್ ಎಲ್ಲಾ ಯಾರದೋ ಅಪ್ಪನ ಹೆಸರೇ ಅಲ್ವಾ? ಆ ಕೊನೇ 'ಇ' ಎಲ್ಲಿಂದ ಬಂತು?

ತುರಿನ್ ಹುಡುಗ:

ಎಲ್ರಿಗೂ ನಮಸ್ಕಾರ. ನಾನಿರೋದು ಇಟಲಿಯ ತುರಿನ್‌ನಲ್ಲಿ, ಬಂದು ಎರಡು ವರ್ಷ ಆಯ್ತು, ಊರು ತುಮಕೂರು ಕಡೆ. ನಮ್ಮನೇಲಿ ಯಾರಿಗೂ ಸರ್‌ನೇಮ್ ಅಂತ ಒಂದು ಇಲ್ವೇ ಇಲ್ಲ, ಇನಿಶಿಯಲ್ ಅಷ್ಟೇ, ಪಾಸ್‌ಪೋರ್ಟ್ ಮಾಡಿಸುವಾಗ ಆ ಕಾಲಂ ಖಾಲಿ ಬಿಡಬಾರದು ಅಂತ ಅಪ್ಪನ ಹೆಸರು ಮಂಜುನಾಥ ಅಂತ ತುಂಬಿಸಿದ್ವಿ. ಈಗ ಇಲ್ಲಿ ಎಲ್ಲೋದ್ರೂ 'ಸಿನ್ಯೋರ್ ಮಂಜುನಾಥ' ಅಂತ ಕೂಗ್ತಾರೆ, ಮೊದಮೊದಲು ಅಪ್ಪ ಏನಾದ್ರೂ ಹಿಂದೆ ನಿಂತಿದ್ದಾರಾ ಅಂತ ತಿರುಗಿ ನೋಡ್ತಿದ್ದೆ. ಇಲ್ಲಿನ ತೆರಿಗೆ ನಂಬರ್‌ಗೆ ಕೋದಿಚೆ ಫಿಸ್ಕಾಲೆ ಅಂತಾರೆ, 16 ಅಕ್ಷರ ಅಂಕಿ ಸೇರಿ, ಮೊದಲ ಮೂರು ಅಕ್ಷರ ಸರ್‌ನೇಮಿಂದು, ಆಮೇಲಿನ ಮೂರು ನಮ್ಮ ಹೆಸರಿಂದು. ನನ್ನದು ಶುರುವಾಗೋದೇ ಎಂ ಎನ್ ಜೆ ಅಂತ. ಕಾರ್ಡಲ್ಲೂ ಅಪ್ಪನೇ ಮುಂದೆ, ನಾನು ಹಿಂದೆ. ಒಂದು ಆಫೀಸಲ್ಲಂತೂ ಎರಡನ್ನೂ ಉಲ್ಟಾ ಟೈಪ್ ಮಾಡಿಟ್ಟು ಅದನ್ನ ಸರಿ ಮಾಡಿಸೋಕೆ ಮೂರು ಸಲ ರಜ ಹಾಕಿ ಅಲೆದೆ, ಅದು ಬಿಡಿ.

ವಿಷ್ಯ ಏನಂದ್ರೆ ಮೊನ್ನೆ ಊಟದ ಟೈಮಲ್ಲಿ ಟೀಮಿನ ಹೆಸರುಗಳ ಲಿಸ್ಟ್ ನೋಡ್ತಾ ಕೂತಿದ್ದೆ. ಮಾರ್ತಿನಿ, ಬೆರ್ನಾರ್ದಿ, ದೆ ಲೂಕಾ, ದಿ ಪಿಯೆತ್ರೊ, ಜನೀನಿ. ಅರೆ ಇವೆಲ್ಲಾ ಮಾರ್ತಿನೊ, ಬೆರ್ನಾರ್ದೊ, ಲೂಕಾ, ಪಿಯೆತ್ರೊ ಅನ್ನೋ ಹೆಸರುಗಳೇ ಅಲ್ವಾ ಅಂತ ಹೊಳೀತು. ಅಂದ್ರೆ ಇವರೂ ನಮ್ಮ ಥರಾನೇ ಅಪ್ಪನ ಹೆಸರು ಇಟ್ಕೊಂಡವರೇನಾ? ಹಾಗಿದ್ರೆ ನಮ್ಮಲ್ಲಿ ತಲೆಮಾರಿಗೊಂದ್ಸಲ ಬದಲಾಗೋದು ಇವರಲ್ಲಿ ಯಾಕೆ ಒಂದೇ ಕಡೆ ನಿಂತುಬಿಡ್ತು? ಮತ್ತೆ ಕೊನೇಲಿ 'ಇ' ಯಾಕೆ? ಗೊತ್ತಿರೋರು ಹೇಳಿ.

ಬೊಲೋನ್ಯಾ ಅಕ್ಕ:

ಇಲ್ಲಿಗೆ ಬಂದು ಹದಿನೆಂಟು ವರ್ಷ ಆಯ್ತು, ಟ್ರಾನ್ಸ್‌ಲೇಶನ್ ಕೆಲ್ಸ, ದಿನಾ ಬೆಳಗಾದ್ರೆ ಜನನ ಪತ್ರ ಮದುವೆ ಪತ್ರ ಅದೇ ನೋಡೋದು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ ಬೈಕೋಬೇಡಿ.

ಹೌದು, ನಿಮ್ಮ ಊಹೆ ಸರಿ. ಆ 'ಇ'ಗೆ ಎರಡು ದಾರಿ ಇದೆ. ಒಂದು ಲ್ಯಾಟಿನ್ ಷಷ್ಠಿ ವಿಭಕ್ತಿ, ಹಳೇ ಪತ್ರಗಳಲ್ಲಿ 'ಫಿಲಿಯುಸ್ ಆಲ್ಬೆರ್ತಿ' ಅಂದ್ರೆ ಆಲ್ಬೆರ್ತೊನ ಮಗ ಅಂತ ಬರೀತಿದ್ರು. ಇನ್ನೊಂದು ಇಟಾಲಿಯನ್ ಬಹುವಚನ, 'ಲ್ಯಿ ಆಲ್ಬೆರ್ತಿ' ಅಂದ್ರೆ ಆಲ್ಬೆರ್ತೊ ಮನೆಯೋರು. ನಮ್ಮೂರಲ್ಲಿ 'ರಾಮಣ್ಣನೋರ ಹುಡುಗ' ಅಂತೀವಲ್ಲ, ರಾಮಣ್ಣ ಸತ್ತು ನಲವತ್ತು ವರ್ಷ ಆಗಿದ್ರೂ ಮನೆ ಮಾತ್ರ ರಾಮಣ್ಣನೋರ ಮನೇನೇ, ಅದೇ ಲೆಕ್ಕ.

ಇದಕ್ಕೆ ಗೆಲಿಲಿಯೋಗಿಂತ ಒಳ್ಳೇ ಉದಾಹರಣೆ ಬೇಕಾ. ಗೆಲಿಲಿಯೊ ಗೆಲಿಲಿ ಅಂತ ಯಾಕೆ ಎರಡೆರಡು ಸಲ ಬರತ್ತೆ ಅಂತ ಸ್ಕೂಲಲ್ಲಿ ಯಾರೂ ಹೇಳ್ಕೊಡಲಿಲ್ಲ. ಆ ಮನೆತನದ ಮೊದಲಿನ ಹೆಸರು ಬೊನಾಯುತಿ. 15ನೇ ಶತಮಾನದಲ್ಲಿ ಫ್ಲಾರೆನ್ಸ್‌ನಲ್ಲಿ ಗೆಲಿಲಿಯೊ ಬೊನಾಯುತಿ ಅಂತ ದೊಡ್ಡ ಡಾಕ್ಟರ್ ಒಬ್ರಿದ್ರು, ಅವರ ಹೆಸರು ಎಷ್ಟು ನಡೀತು ಅಂದ್ರೆ ಆಮೇಲಿನೋರು ಬೊನಾಯುತಿ ಬಿಟ್ಟು ಗೆಲಿಲಿ ಅಂತಾನೇ ಕರ್ಕೊಂಡ್ರು. 1564ರಲ್ಲಿ ಹುಟ್ಟಿದ ವಿಜ್ಞಾನಿಗೆ ಮತ್ತೆ ಆ ಹಿರೀಕರ ಹೆಸರೇ ಇಟ್ರು. ಅಂದ್ರೆ 'ಗೆಲಿಲಿಯೊನೋರ ಮನೆ ಗೆಲಿಲಿಯೊ'. ಸಾಂತಾ ಕ್ರೋಚೆ ಚರ್ಚಲ್ಲಿ ಇಬ್ಬರ ಸಮಾಧಿನೂ ಇದೆ, ವಿಜ್ಞಾನಿದು ಗೋಡೆ ಪಕ್ಕ ದೊಡ್ಡದಾಗಿದೆ, ಅಲ್ಲೇ ಫೋಟೋ ತೆಗೆಯೋಕೆ ಜನ ನಿಂತಿರ್ತಾರೆ, ಡಾಕ್ಟ್ರದ್ದು ನೆಲದ ಮೇಲಿನ ಕಲ್ಲು, ಜನ ತುಳ್ಕೊಂಡೇ ಹೋಗ್ತಾರೆ. ಮಜಾ ಏನಂದ್ರೆ ಬೊನಾಯುತಿನೂ ಹೆಸರಿಂದಲೇ ಬಂದಿದ್ದು, ಬೊನಾಯುತೊ ಅಂದ್ರೆ 'ಒಳ್ಳೇ ನೆರವು'. ಮಧ್ಯಯುಗದಲ್ಲಿ ಇಂಥ ಶುಭ ಹಾರೈಸೋ ಹೆಸರುಗಳು ಬಹಳ ಇದ್ವು, ಬೆನ್‌ವೆನುತೊ ಅಂದ್ರೆ ಸುಸ್ವಾಗತ, ಮೈಕೆಲ್ಯಾಂಜೆಲೊ ಮನೆತನದ ಬುವೊನಾರೋತಿನೂ ಬುವೊನಾರೋತೊ ಅನ್ನೋ ಹೆಸರಿಂದ ಬಂದಿದ್ದು, ಅವನ ಒಬ್ಬ ತಮ್ಮನ ಹೆಸರೇ ಅದು.

ನಿಂತಿದ್ದು ಯಾಕೆ ಅಂದ್ರೆ ದಫ್ತರದಿಂದ. ಆಸ್ತಿ ಇದ್ದ ಮನೆಗಳು, ವೆನಿಸ್ ಫ್ಲಾರೆನ್ಸ್ ವ್ಯಾಪಾರಿಗಳು ಮೊದಲೇ ಒಂದು ಹೆಸರಿಗೆ ಅಂಟ್ಕೊಂಡಿದ್ರು. ಬಡವರಿಗೆ ಅದರ ಅಗತ್ಯ ಇರಲಿಲ್ಲ, ಇಂಥವನ ಮಗ ಇಂಥವನು ಅಂದ್ರೆ ಸಾಕಿತ್ತು. ಆಮೇಲೆ 1563ರಲ್ಲಿ ಕ್ಯಾಥೊಲಿಕ್ ಚರ್ಚಿನ ತ್ರೆಂತೊ ಧರ್ಮಸಭೆಯಲ್ಲಿ ಪ್ರತಿ ಚರ್ಚಲ್ಲೂ ಮದುವೆ, ದೀಕ್ಷಾಸ್ನಾನ ಪುಸ್ತಕ ಇಡಲೇಬೇಕು ಅಂತ ಆಯ್ತು. ಹತ್ತಿರದ ಸಂಬಂಧದಲ್ಲಿ ಮದುವೆ ಆಗ್ತಿದಾರಾ ಅಂತ ಪಾದ್ರಿಗೆ ಗೊತ್ತಾಗಬೇಕಲ್ಲ. ಪುಸ್ತಕದಲ್ಲಿ ಅಪ್ಪಂದು ಏನು ಬರೆದಿತ್ತೋ ಮಗಂದೂ ಅದೇ ಬರೀತಾ ಹೋದ್ರು, ಅಲ್ಲಿಗೆ ಯಾವನೋ ಒಬ್ಬ ಮಾರ್ತಿನೊನ ಹೆಸರು ಪರ್ಮನೆಂಟ್ ಆಯ್ತು. ನಿಮ್ಮ ಪಾಸ್‌ಪೋರ್ಟ್ ಫಾರ್ಮಲ್ಲಿ ಆಗಿದ್ದೂ ಇದೇ ಕಣ್ರೀ, ನಾನೂರು ವರ್ಷ ಲೇಟು ಅಷ್ಟೇ.

ಬಾಲ್ ಬಸ್ಯಾ:

ಅಕ್ಕಾ ಸೂಪರ್. ನಾವು ಇಟಲಿ ಕಲ್ತಿದ್ದೇ ಫುಟ್‌ಬಾಲ್ ನೋಡಿ. ಹಂಗಾದ್ರ ದೆಲ್ ಪಿಯೆರೊ ಅಂದ್ರ ಪಿಯೆರೊನ ಮಗ ಅಂತಾನ? ಮತ್ತ ಜಾನೆಟ್ಟಿ, ದಿ ಸ್ತೆಫಾನೊ? ಇವರಿಬ್ರೂ ಅರ್ಜೆಂಟೀನಾದಾಗ ಹುಟ್ಟಿದವರು ನೋಡ್ರಿ, ದಿ ಸ್ತೆಫಾನೊನ ಅಜ್ಜ ಇಟಲಿಯಿಂದ ಹಡಗ ಹತ್ತಿ ಹೋದಾಂವ. 1982ರ ವರ್ಲ್ಡ್‌ಕಪ್ ಪಾವ್ಲೊ ರೋಸಿಂದು ಯಾರ ಹೆಸರು? ಮತ್ತ ದಾ ವಿಂಚಿ ಯಾರ ಮಗ?

ಬೊಲೋನ್ಯಾ ಅಕ್ಕ:

ಬಸ್ಯಾ, ರೋಸಿ ಹೆಸರಿಂದಲ್ಲ, ಅದು ಕೆಂಪು ಅಂತ, ಕೂದಲೋ ಮುಖವೋ ಕೆಂಪಗಿದ್ದವನ ಅಡ್ಡಹೆಸರು, ಇಡೀ ಇಟಲಿಯಲ್ಲಿ ಜಾಸ್ತಿ ಇರೋದೇ ಅದು, ದಕ್ಷಿಣಕ್ಕೆ ಹೋದ್ರೆ ಅದೇ ರುಸ್ಸೊ ಆಗತ್ತೆ. ದಾ ವಿಂಚಿ ಸರ್‌ನೇಮೇ ಅಲ್ಲ ಮಾರಾಯ, ವಿಂಚಿ ಅನ್ನೋದು ಊರು. ಅವನ ಹೆಸರು ಲಿಯೊನಾರ್ದೊ ದಿ ಸೆರ್ ಪಿಯೆರೊ ದಾ ವಿಂಚಿ, ಅಂದ್ರೆ ವಿಂಚಿ ಊರಿನ ಪಿಯೆರೊ ಸಾಹೇಬರ ಮಗ ಲಿಯೊನಾರ್ದೊ. ಊರು, ಅಪ್ಪ, ತನ್ನ ಹೆಸರು. ಹಳೇ ಮೈಸೂರಿನ ಎರಡು ಇನಿಶಿಯಲ್ ಹಂಗೇ ಇದೆ ನೋಡು.

ದೆಲ್ ಪಿಯೆರೊ ಸರಿ. ದಿ, ದೆ ಜಾಸ್ತಿ ದಕ್ಷಿಣದ ಕಡೆ, ಉತ್ತರ ಮತ್ತೆ ಮಧ್ಯದಲ್ಲಿ ಬರೀ 'ಇ' ಜಾಸ್ತಿ, ಆದ್ರೆ ಪಕ್ಕಾ ನಿಯಮ ಏನಲ್ಲ, ದೆಲ್ ಪಿಯೆರೊನೇ ವೆನೆತೊ ಕಡೆಯವನು, ಯುದ್ಧ ಮುಗಿದ ಮೇಲೆ ಪ್ರಧಾನಿ ಆಗಿದ್ದ ದೆ ಗಾಸ್ಪೆರಿನೂ ಉತ್ತರದವರೇ. ಜಾನೆಟ್ಟಿ ಅಂದ್ರೆ ಜೊವಾನ್ನಿ, ನಮ್ಮ ಯೋಹಾನ. ಈ ಒಂದು ಹೆಸರಿಂದ ಹುಟ್ಟಿದ ಸರ್‌ನೇಮ್ ಎಣಿಸೋಕೆ ಹೋದ್ರೆ ರಾತ್ರಿ ಆಗತ್ತೆ. ವೆನಿಸ್ ಕಡೆ 'ಜ'ಗೆ ನಾಲಿಗೆ ಮುಂದೆ ತಂದು ಝಾನ್ ಅಂತಾರೆ, ಅಲ್ಲಿಂದ ಜಾನೆಟ್ಟಿ, ಜಾನಿನಿ, ಜಾನೆಲ್ಲಾ. ತೊಸ್ಕಾನಾದಲ್ಲಿ ತಲೆ ಕಡಿದು ಬಾಲ ಇಟ್ಕೊಂಡ್ರು, ವಾನ್ನಿ, ನಾನ್ನಿ, ವಾನ್ನೂಚಿ. ನೇಪಲ್ಸ್ ಕಡೆ ಯಾನ್ನಿ, ಯಾನ್ನೂಚಿ. ಹುಡುಗನ ಟೀಮಲ್ಲಿರೋ ಜನೀನಿನೂ ಅದೇ. ಚಿಕ್ಕವನಿಗೆ ಇನಿ, ಎಟ್ಟಿ, ಊಚಿ ಹಚ್ತಾರೆ, ದಪ್ಪ ದೊಡ್ಡ ಅನ್ನೋಕೆ ಒನೆ ಹಚ್ತಾರೆ. ರೇಡಿಯೋ ಮಾರ್ಕೋನಿ ಇದಾನಲ್ಲ, ಅದು ಮಾರ್ಕೊಗೆ ಒನೆ ಹಚ್ಚಿದ್ದು, ಹೆಚ್ಚುಕಮ್ಮಿ 'ದೊಡ್ಮಾರ್ಕನೋರು' ಅಂತ.

ತಲೆ ಕಡಿಯೋದು ಇವರಿಗೆ ಬಹಳ ಇಷ್ಟ. ಲೊರೆಂಜೊ ಅನ್ನೋದು ರೆಂಜೊ ಆಗಿ ಅಲ್ಲಿಂದ ರೆಂಜಿ, ಮುಂಚೆ ಪ್ರಧಾನಿ ಆಗಿದ್ರಲ್ಲ ಅವರ ಸರ್‌ನೇಮ್. ಬಾರ್ತೊಲೊಮೆಯೊ ಅನ್ನೋ ಮಾರುದ್ದದ ಹೆಸರು ಬರೀ ಮೆಯೊ ಆಗಿ ಅಲ್ಲಿಂದ ಮೆಯೂಚಿ, ಟೆಲಿಫೋನ್ ಮೊದಲು ಮಾಡಿದ್ದು ನಮ್ಮವನೇ ಅಂತ ಇಟಲಿಯವರು ಇವತ್ತಿಗೂ ಜಗಳ ಆಡೋ ಆಂತೊನಿಯೊ ಮೆಯೂಚಿ. ಮಾರ್ಕೊ ಪೋಲೊದಲ್ಲಿ ಪೋಲೊ ಅಂದ್ರೆ ವೆನಿಸ್ ಮಾತಲ್ಲಿ ಪಾವ್ಲೊ, ಅಲ್ಲಿ ಸಾನ್ ಪೋಲೊ ಅಂತ ಒಂದು ಬಡಾವಣೆನೇ ಇದೆ, ಸಂತ ಪೌಲನ ಚರ್ಚಿಂದ ಬಂದ ಹೆಸರು.

ಕಂಕನಾಡಿ ಬಾಯಿ:

ಇದು ನಮ್ಮ ಸಬ್ಜೆಕ್ಟ್ ಮಾರಾಯ್ರೆ, ಸುಮ್ಮನೆ ಕೂತ್ಕೊಳ್ಳಿಕ್ಕೆ ಆಗುದಿಲ್ಲ. ಇಟಲಿಯವರು ಮಂಗಳೂರಿಗೆ ಬಂದದ್ದು ಗೊತ್ತುಂಟಲ್ಲ, 1878ರ ಡಿಸೆಂಬರ್ 31ಕ್ಕೆ ಜೆಸುಯಿಟ್ ಪಾದ್ರಿಗಳು ಬಂದಿಳಿದರು, 1880ರಲ್ಲಿ ಅಲೋಶಿಯಸ್ ಕಾಲೇಜು ಸುರು. ಅವರಲ್ಲಿ ಆಂಜೆಲೊ ಮಾಫೆಯಿ ಅಂತ ಒಬ್ರು ಕೊಂಕಣಿ ಕಲಿತು 1882ರಲ್ಲಿ ವ್ಯಾಕರಣ, ಮರುವರ್ಷ ಇಂಗ್ಲಿಷ್ ಕೊಂಕಣಿ ಡಿಕ್ಷನರಿ ಪ್ರಿಂಟ್ ಮಾಡಿಸಿದರು. ಮಾಫೆಯಿ ಅಂದ್ರೆ ಮಾಫೆಯೊ, ಅದು ಮತ್ತೆಯೊದ ಹಳೇ ರೂಪ, ಅಂದ್ರೆ ನಮ್ಮ ಮತ್ತಾಯ. ಅಕ್ಕ ಹೇಳಿದ ಮಾರ್ಕೊ ಪೋಲೊನ ಚಿಕ್ಕಪ್ಪನ ಹೆಸರೂ ಮಾಫೆಯೊ ಅಲ್ವಾ.

ಮತ್ತೆ ನಮ್ಮ ಮಂಗಳೂರು ಕ್ಯಾಥೊಲಿಕರ ಸರ್‌ನೇಮ್ ಎಲ್ಲ ಇಟಲಿದ್ದಲ್ಲ, ಪೋರ್ಚುಗೀಸ್ ಕೊಟ್ಟದ್ದು, ಇದನ್ನು ಬೆಂಗಳೂರಲ್ಲಿ ಹೇಳಿ ಹೇಳಿ ಬಾಯಿ ನೋವು ಬಂತು. ಆದ್ರೆ ಕತೆ ಒಂದೇ. ಅವರದ್ದು 'ಇ' ಆದ್ರೆ ಇವರದ್ದು 'ಎಸ್'. ಫೆರ್ನಾಂಡಿಸ್ ಅಂದ್ರೆ ಫೆರ್ನಾಂಡೊನ ಮಗ, ರೊಡ್ರಿಗಸ್ ಅಂದ್ರೆ ರೊಡ್ರಿಗೊನ ಮಗ, ಗೊನ್ಸಾಲ್ವಿಸ್, ಅಲ್ವಾರಿಸ್ ಎಲ್ಲ ಹಾಗೆಯೇ. ಲೋಬೊ ಮಾತ್ರ ತೋಳ, ಅದು ಯಾರ ಮಗನೂ ಅಲ್ಲ. ನನ್ನ ಅಜ್ಜ ಹೇಳ್ತಿದ್ದರು, ನಮ್ಮ ವಂಶದಲ್ಲಿ ಫೆರ್ನಾಂಡೊ ಅಂತ ಒಬ್ಬನೂ ಇರ್ಲಿಲ್ಲ, ನಾವು ಯಾರದ್ದೋ ಅಪ್ಪನನ್ನು ಹೊತ್ಕೊಂಡು ತಿರುಗ್ತಾ ಇದ್ದೇವೆ ಅಂತ. ದೀಕ್ಷೆ ಕೊಟ್ಟ ಪಾದ್ರಿದ್ದೋ ಗಾಡ್‌ಫಾದರ್‌ದ್ದೋ ಸರ್‌ನೇಮ್ ಬರ್ತಿತ್ತು ಅಷ್ಟೇ.

ಒಂದು ಪ್ರಶ್ನೆ. ಇಟಲಿಯಲ್ಲಿ ಅರ್ಧ ಗಂಡಸರು ಜುಸೆಪ್ಪೆ, ಆದ್ರೆ ಜುಸೆಪ್ಪಿ ಅಂತ ಸರ್‌ನೇಮ್ ಕಾಣುದಿಲ್ಲ, ಎಂತಕ್ಕೆ? ಮತ್ತೆ ತಾಯಿ ಹೆಸರಿಂದ ಬಂದದ್ದು ಉಂಟಾ?

ಬೊಲೋನ್ಯಾ ಅಕ್ಕ:

ಬಾಯಿ, ಮಾಫೆಯಿ ವಿಷ್ಯ ಗೊತ್ತಿರಲಿಲ್ಲ, ಥ್ಯಾಂಕ್ಸ್. ಜುಸೆಪ್ಪೆ ಪ್ರಶ್ನೆ ಸಕತ್ತಾಗಿದೆ. ಸಂತ ಜೋಸೆಫರ ಭಕ್ತಿ ಜೋರಾಗಿದ್ದೇ ತಡವಾಗಿ, ಸರ್‌ನೇಮ್‌ಗಳು ಹುಟ್ತಿದ್ದ ಕಾಲದಲ್ಲಿ ಮಕ್ಕಳಿಗೆ ಆ ಹೆಸರು ಇಡ್ತಿದ್ದೋರು ಕಮ್ಮಿ. ದಿ ಜುಸೆಪ್ಪೆ ಅಂತ ಇದೆ, ಆದ್ರೆ ಮಾರ್ತಿನೊ ಪಿಯೆತ್ರೊ ಮುಂದೆ ಏನೂ ಅಲ್ಲ. ಉಲ್ಟಾನೂ ಇದೆ, ಗರಿಬಾಲ್ದಿ, ಗ್ರಿಮಾಲ್ದಿ ಇವೆಲ್ಲಾ ಗರಿಬಾಲ್ದೊ, ಗ್ರಿಮಾಲ್ದೊ ಅನ್ನೋ ಹಳೇ ಜರ್ಮನಿಕ್ ಹೆಸರುಗಳು, ಇವತ್ತು ಯಾರೂ ಮಗೂಗೆ ಇಡಲ್ಲ, ಸರ್‌ನೇಮಲ್ಲಿ ಮಾತ್ರ ಗಟ್ಟಿಯಾಗಿ ಕೂತಿವೆ. ತಾಯಿ ಹೆಸರಿಂದ ಬಂದಿದ್ದೂ ಇದೆ, ಕಮ್ಮಿ. ಬಸ್ಯಂಗೆ ಗೊತ್ತಿರೋ ದಿ ಮರಿಯಾ ಅಂಥದ್ದೇ.

ಬಾಲ್ ಬಸ್ಯಾ:

ಅಲ್ರಿ ಅಕ್ಕ, ಲಗ್ನ ಆದಮ್ಯಾಲ ಹೆಣ್ಮಕ್ಕಳು ಗಂಡನ ಅಡ್ಡಹೆಸರು ಹಚ್ಕೋತಾರೇನ್ ಅಲ್ಲಿ? ನಮ್ಮ ಕಡೆ ಹಚ್ಕೋತಾರ.

ಬೊಲೋನ್ಯಾ ಅಕ್ಕ:

ಇಲ್ಲ, ಇಲ್ಲಿ ಕಾಗದ ಪತ್ರದಲ್ಲಿ ಸಾಯೋವರೆಗೂ ತವರಿನ ಹೆಸರೇ. ಗಂಡಂದು ಬೇಕಿದ್ರೆ ಜೊತೆಗೆ ಸೇರಿಸ್ಕೋಬಹುದು, ತನ್ನದು ಬಿಡೋ ಹಂಗಿಲ್ಲ. ಮಕ್ಕಳಿಗೆ ಮಾತ್ರ ತಾನಾಗೇ ಅಪ್ಪಂದೇ ಬರ್ತಿತ್ತು, 2022ರಲ್ಲಿ ಸಂವಿಧಾನ ಕೋರ್ಟು ಅದು ತಪ್ಪು ಅಂತ ಹೊಡೆದುಹಾಕ್ತು, ಈಗ ಅಪ್ಪ ಅಮ್ಮ ಬೇರೆ ಥರ ಒಪ್ಕೊಳ್ದೇ ಇದ್ರೆ ಇಬ್ಬರದ್ದೂ ಹಾಕ್ತಾರೆ. ನನ್ನ ಟೇಬಲ್ ಮೇಲೆ ಈಗ ಉದ್ದುದ್ದ ಹೆಸರಿನ ಪತ್ರಗಳು ಬರ್ತಿವೆ.

ತುರಿನ್ ಹುಡುಗ:

ಅಬ್ಬಾ ಇಷ್ಟು ಸಿಗತ್ತೆ ಅಂತ ಅಂದ್ಕೊಂಡಿರಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಓದಿ ಮುಗಿಸಿ ಚಪ್ಲಿ ಹಾಕ್ಕೊಂಡು ಕೆಳಗೆ ಹೋಗಿ ನಮ್ಮ ಬಿಲ್ಡಿಂಗ್ ಬಾಗಿಲಿನ ಬೆಲ್ ಬೋರ್ಡ್ ಓದ್ಕೊಂಡು ಬಂದೆ. ಹನ್ನೊಂದು ಬೆಲ್, ಅದರಲ್ಲಿ ನಾಲ್ಕು ಪಕ್ಕಾ ಯಾರದೋ ಹೆಸರು, ನಂದು ಐದನೇದು. ನನ್ನ ಬೆಲ್ಲಿನ ಚೀಟಿ ಬರೆದಿದ್ದು ಪಕ್ಕದ ಮನೆ ಅಜ್ಜಿ, ಇಷ್ಟು ದಿನ ಸರಿಯಾಗಿ ನೋಡೇ ಇರಲಿಲ್ಲ, 'ಮಂಜುನಾತಿ' ಅಂತ ಬರೆದಿದಾರೆ. ತಿದ್ದಲ್ಲ, ಇರ್ಲಿ. ಎರಡನೇ ಮಹಡಿದು 'ಚೆಕ್ಕಿನಿ' ಅಂತಿದೆ, ಅದು ಯಾರು ಅಕ್ಕ?

ಬೊಲೋನ್ಯಾ ಅಕ್ಕ:

ಫ್ರಾಂಚೆಸ್ಕೊ. ತಲೆ ಕಡಿದು ಚೆಕ್ಕೊ, ಬಾಲ ಹಚ್ಚಿ ಚೆಕ್ಕಿನಿ. ಅಜ್ಜಿದೇನು ಸರ್‌ನೇಮು?

ತುರಿನ್ ಹುಡುಗ:

ರೋಸಿ. ಕೂದ್ಲು ಪೂರ್ತಿ ಬಿಳಿ.