ಹಳದಿ ಗುರುತಿನ ದಿಮ್ಮಿ ಮತ್ತು ಮಕ್ಕಳ ಶಾಲೆ

ಗುಂಪಿನ ಎಲ್ಲರಿಗೂ ನಮಸ್ಕಾರ. ಪೋರ್ಟ್‌ಲ್ಯಾಂಡ್ ಬಿಟ್ಟು ಅಮೆರಿಕದ ಒರೆಗಾನ್ ರಾಜ್ಯದ ದಕ್ಷಿಣ ಭಾಗಕ್ಕೆ, ನಮ್ಮ ರೋಸ್‌ಬರ್ಗ್ ಕಡೆಗೆ ಬರಬೇಕೆಂದಿರುವ ಸಹೋದರಿಯೊಬ್ಬರು ಕೇಳಿದ್ದರು: "ಅಲ್ಲಿ ಮರ ಕಡಿಯುವುದು ನಿಂತ ಮೇಲೆ ಶಾಲೆಗಳಿಗೆ ದುಡ್ಡೇ ಇಲ್ಲವಂತೆ, ಮಗಳನ್ನು ಹೇಗೆ ಸೇರಿಸುವುದು?" ನಾನು ಹನ್ನೆರಡು ವರ್ಷಗಳಿಂದ ಇಲ್ಲಿದ್ದೇನೆ, ಇಬ್ಬರು ಮಕ್ಕಳೂ ಇಲ್ಲಿನ ಸರ್ಕಾರಿ ಶಾಲೆಯಲ್ಲೇ ಓದುತ್ತಿದ್ದಾರೆ. ನೀವು ಕೇಳಿದ ಮಾತು ಅರ್ಧ ನಿಜ. ಉಳಿದರ್ಧ ತಿಳಿಯದೆ ಹೆದರಬೇಡಿ.

ಈ ದೇಶದಲ್ಲಿ ಊರಿನ ಶಾಲೆ, ರಸ್ತೆ, ಪೊಲೀಸು ಇವಕ್ಕೆಲ್ಲ ದುಡ್ಡು ಬರುವ ಒಂದು ಮುಖ್ಯ ದಾರಿ ಆಸ್ತಿ ತೆರಿಗೆ. ನಮ್ಮ ಡಗ್ಲಸ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮೂರಿನ ಜಿಲ್ಲೆ ಇದ್ದ ಹಾಗೆ) ಸುಮಾರು ಅರ್ಧದಷ್ಟು ನೆಲ ಕೇಂದ್ರ ಸರ್ಕಾರದ್ದು, ಅದಕ್ಕೆ ತೆರಿಗೆ ಇಲ್ಲ. ಆ ಕೊರತೆ ತುಂಬಲೆಂದೇ 1908ರಲ್ಲಿ ಕಾನೂನು ಮಾಡಿ, ರಾಷ್ಟ್ರೀಯ ಅರಣ್ಯದ ಆದಾಯದಲ್ಲಿ ಶೇಕಡಾ 25ರಷ್ಟನ್ನು ಶಾಲೆ ಮತ್ತು ರಸ್ತೆಗಳಿಗೆ ಮೀಸಲಿಟ್ಟರು. ಪಶ್ಚಿಮ ಒರೆಗಾನ್‌ನ 18 ಕೌಂಟಿಗಳಿಗೆ ಇನ್ನೊಂದು ಪಾಲೂ ಉಂಟು. ರೈಲ್ವೆ ಕಂಪನಿಗೆ ಕೊಟ್ಟಿದ್ದ ಕಾಡನ್ನು ಸರ್ಕಾರ 1916ರಲ್ಲಿ ಹಿಂದಕ್ಕೆ ಪಡೆದಿತ್ತು. 1937ರ ಕಾನೂನಿನ ಪ್ರಕಾರ ಅಲ್ಲಿನ ಮರದ ದುಡ್ಡು ಈ ಕೌಂಟಿಗಳಿಗೂ ಹಂಚಿಕೆಯಾಗುತ್ತದೆ.

ಇಲ್ಲಿಗೆ ಬಂದಾಗ ಹೆದ್ದಾರಿಯ ದಿಮ್ಮಿ ಲಾರಿಗಳನ್ನು ಗಮನಿಸಿ. ದಿಮ್ಮಿಯ ಕೊಯ್ದ ತುದಿಗೆ ಹಳದಿ ಬಣ್ಣ ಬಳಿದು, ಸುತ್ತಿಗೆಯಿಂದ ಮುದ್ರೆ ಒತ್ತಿದ್ದರೆ ಅದು ಕೇಂದ್ರ ಸರ್ಕಾರದ ಕಾಡಿನ ಮರ, ಕೊಯ್ಯದೆ ಹೊರದೇಶಕ್ಕೆ ಸಾಗಿಸುವಂತಿಲ್ಲ ಎಂದು ಅರ್ಥ. ನನ್ನ ಮಗ ಚಿಕ್ಕವನಿದ್ದಾಗ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಹಳದಿ ಹುಡುಕುತ್ತಿದ್ದ. ಸಿಗುತ್ತಿದ್ದುದು ಅಪರೂಪ, ಲಾರಿಗಳಲ್ಲಿ ಬಹುಪಾಲು ಖಾಸಗಿ ಕಾಡಿನವು.

ಅಪರೂಪವಾದದ್ದಕ್ಕೆ ಕಾರಣವಿದೆ. 1990ರಲ್ಲಿ ಇಲ್ಲಿನ ಹಳೆಯ ಕಾಡುಗಳಲ್ಲಿ ಬದುಕುವ ಚುಕ್ಕೆ ಗೂಬೆಗೆ ಕಾನೂನಿನ ರಕ್ಷಣೆ ಸಿಕ್ಕಿತು, ಮರುವರ್ಷ ನ್ಯಾಯಾಲಯ ಮರ ಹರಾಜುಗಳನ್ನು ತಡೆಹಿಡಿಯಿತು, 1994ರಲ್ಲಿ ಹೊಸ ಅರಣ್ಯ ಯೋಜನೆ ಬಂತು. ಸರ್ಕಾರಿ ಕಾಡಿನ ಕಡಿತ ಪಾತಾಳಕ್ಕಿಳಿಯಿತು, ಅದರ ಜೊತೆಗೆ ಕೌಂಟಿಗಳ ಬೊಕ್ಕಸವೂ. 2000ದಲ್ಲಿ ಸಂಸತ್ತು, ಹಿಂದಿನ ಒಳ್ಳೆಯ ವರ್ಷಗಳ ಸರಾಸರಿಯ ಮೇಲೆ ಪರಿಹಾರ ಕೊಡುವ ಕಾನೂನು ಮಾಡಿತು. ಆದರೆ ಅದಕ್ಕೆ ಮತ್ತೆ ಮತ್ತೆ ಅವಧಿ ಮುಗಿಯುತ್ತದೆ. 2025ರಲ್ಲಿ ಕಂತು ಬರುವ ಹೊತ್ತಿಗೆ ಅದು ಮುಗಿದು, 1908ರ ಹಳೆಯ ಲೆಕ್ಕಕ್ಕೇ ಮರಳಬೇಕಾಯಿತು.

ಇನ್ನು ನಿಮ್ಮ ಪ್ರಶ್ನೆಗೆ ಉತ್ತರ. ಒರೆಗಾನ್‌ನಲ್ಲಿ ಶಾಲೆಗೆ ಬರುವ ಕಾಡಿನ ಹಣವನ್ನು ರಾಜ್ಯವು ಸ್ಥಳೀಯ ಆದಾಯವೆಂದು ಲೆಕ್ಕ ಹಿಡಿದು, ತನ್ನ ಅನುದಾನವನ್ನು ಅದಕ್ಕೆ ಸರಿಯಾಗಿ ಹೊಂದಿಸುತ್ತದೆ. ಹಾಗಾಗಿ ನಮ್ಮ ಕಾಡಿನಲ್ಲಿ ಮರ ಉರುಳಲಿಲ್ಲವೆಂದು ನಿಮ್ಮ ಮಗಳ ತರಗತಿಗೆ ಶಿಕ್ಷಕರು ಕಡಿಮೆಯಾಗುವುದಿಲ್ಲ. ಕ್ಯಾಲಿಫೋರ್ನಿಯಾದ ಲೆಕ್ಕ ಬೇರೆ, ವಾಷಿಂಗ್ಟನ್ ರಾಜ್ಯದಲ್ಲಿ ಶಾಲಾ ಕಟ್ಟಡಕ್ಕೂ ರಾಜ್ಯದ ಕಾಡಿಗೂ ನೇರ ನಂಟಿದೆ. ಅಲ್ಲಿರುವವರು ಬರೆದರೆ ಉಪಕಾರ.

ನಮಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. ಗ್ರಂಥಾಲಯ ನಡೆಸಲು ಕೌಂಟಿಯ ಹತ್ತಿರ ಹಣ ಉಳಿಯಲಿಲ್ಲ. ಅದಕ್ಕಾಗಿ ಪ್ರತ್ಯೇಕ ತೆರಿಗೆ ಹಾಕುವ ಪ್ರಸ್ತಾಪವನ್ನು 2016ರ ನವೆಂಬರ್‌ನಲ್ಲಿ ಮತದಾರರು ತಿರಸ್ಕರಿಸಿದರು. (ನಮಗಾಗ ಮತದ ಹಕ್ಕಿರಲಿಲ್ಲ.) 2017ರಲ್ಲಿ ಹನ್ನೊಂದು ಶಾಖೆಗಳೂ ಒಂದರ ಹಿಂದೆ ಒಂದು ಮುಚ್ಚಿದವು. ಮಗಳಿಗೆ ಆಗ ಆರು ವರ್ಷ, ಅಕ್ಷರ ಕೂಡಿಸಿ ಓದಲು ಆಗತಾನೇ ಕಲಿತಿದ್ದಳು. ವಾರಕ್ಕೊಂದು ಸಂಜೆ ಅಜ್ಜಿ ಹೊಲಿದುಕೊಟ್ಟ ಬಟ್ಟೆ ಚೀಲ ಹಿಡಿದು ಬಾಗಿಲಲ್ಲಿ ನಿಲ್ಲುವುದು ಅವಳ ರೂಢಿ. ಮುಚ್ಚಿದ ಮೇಲೂ ಎರಡು ಮೂರು ವಾರ ಹಾಗೆಯೇ ನಿಂತಳು. ರೋಸ್‌ಬರ್ಗ್ ನಗರದವರು ಇಲ್ಲಿನ ಗ್ರಂಥಾಲಯವನ್ನು ಮತ್ತೆ ತೆರೆಯುವ ಹೊತ್ತಿಗೆ 2018 ಮುಗಿಯುತ್ತ ಬಂದಿತ್ತು.

ನಾನು ಶಿರಸಿ ಸೀಮೆಯವಳು. 1983ರಲ್ಲಿ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತದ್ದನ್ನು ಅಪ್ಪನ ಬಾಯಲ್ಲಿ ಕೇಳಿ ಬೆಳೆದವಳು. ಇಲ್ಲಿ ಪಕ್ಕದ ಮನೆಯ ಹಿರಿಯರು ಜೀವಮಾನವೆಲ್ಲ ಮರ ಕಡಿದೇ ಮೂರು ಮಕ್ಕಳನ್ನು ಓದಿಸಿದವರು. ನಮ್ಮ ನಡುವೆ ಈ ವಿಷಯ ಬಂದಾಗ ಇಬ್ಬರಿಗೂ ಗಂಟಲು ಕಟ್ಟುತ್ತದೆ. ಆದರೂ ನನ್ನ ಅಭಿಪ್ರಾಯವನ್ನು ಅವರಿಗೂ ಹೇಳಿದ್ದೇನೆ: ಸರ್ಕಾರ ನೆಲದ ಒಡೆಯನಾಗಿರುವುದಕ್ಕೆ ಪ್ರತಿಯಾಗಿ ಊರಿಗೆ ದುಡ್ಡು ಕೊಡಬೇಕು, ಮರ ನಿಂತಿರಲಿ, ಬಿದ್ದಿರಲಿ. ಮಕ್ಕಳ ಪುಸ್ತಕವನ್ನು ಗರಗಸಕ್ಕೆ ಕಟ್ಟಿಹಾಕಬಾರದು.

ಮನೆ ನೋಡುವ ಮೊದಲು ಶಾಲಾ ಮಂಡಳಿಯ ಆಯವ್ಯಯ ಸಭೆಗೆ ಒಮ್ಮೆ ಬಂದು ಕೂರಿ. ಯಾರು ಬೇಕಾದರೂ ಬರಬಹುದು. ಜಾಲತಾಣದಲ್ಲಿ ಶಾಲೆಗಳಿಗೆ ಕೊಡುವ ಅಂಕಗಳಿಗಿಂತ ಹೆಚ್ಚು ತಿಳಿಯುತ್ತದೆ. ಬಸ್ ಎಷ್ಟು ದೂರದವರೆಗೆ ಬರುತ್ತದೆ, ವಾರಕ್ಕೆ ಎಷ್ಟು ದಿನ ಪಾಠ ಎಂಬುದನ್ನೂ ಕೇಳಿ. ಬರುವ ದಿನ ತಿಳಿಸಿ, ಊಟ ನಮ್ಮ ಮನೆಯಲ್ಲಿ. ಮಗಳನ್ನು ಗ್ರಂಥಾಲಯಕ್ಕೆ ನನ್ನ ಮಗಳೇ ಕರೆದುಕೊಂಡು ಹೋಗುತ್ತಾಳೆ.